ಒಂಬತ್ತು ಜನ, ಎರಡು ಖಾಲಿ ಕುರ್ಚಿ

ಬಂಟ್ವಾಳಕ್ಕೆ ಬಂದ ಮೊದಲ ವಾರವೇ ನನಗೆ ಗೊತ್ತಾದ ಸಂಗತಿ ಇದು: ಇಲ್ಲಿ ಸತ್ತ ಮಕ್ಕಳು ಬೆಳೆಯುತ್ತಾರೆ.

ನಾನು ಬಾಡಿಗೆಗೆ ಹಿಡಿದ ಮನೆಯ ಒಡತಿ ದಾರಕ್ಕ ನನ್ನನ್ನು ಪೇಟೆಗೆ ಕರೆದುಕೊಂಡು ಹೋಗಿದ್ದರು. ಧಾರವಾಡದಿಂದ ಒಂಟಿಯಾಗಿ ಬಂದ ಹೆಂಗಸಿಗೆ ಚಾಪೆ, ಕೊಡಪಾನ, ಸೀಮೆಎಣ್ಣೆಯ ದೀಪ ಕೊಡಿಸುವುದು ತನ್ನದೇ ಜವಾಬ್ದಾರಿ ಎಂದು ಅವರು ತೀರ್ಮಾನಿಸಿದ್ದರು. ದಾರಿಯಲ್ಲಿ ದರ್ಜಿಯ ಅಂಗಡಿಗೆ ಹತ್ತಿ ಒಂದು ಅಂಗಿಯ ಬಟ್ಟೆ ಕೊಟ್ಟರು.

"ಎಷ್ಟಾಯಿತು ಅವನಿಗೆ?" ಎಂದ ದರ್ಜಿ.

"ಹನ್ನೆರಡು. ಕಳೆದ ವರ್ಷದ್ದಕ್ಕಿಂತ ಎರಡು ಬೆರಳು ಉದ್ದ ಇಡಿ."

"ಈ ಪ್ರಾಯದಲ್ಲಿ ಮಕ್ಕಳು ಬಾಳೆಗಿಡದ ಹಾಗೆ, ದಾರಕ್ಕ. ಮೂರು ಬೆರಳು ಇಡ್ತೇನೆ."

ಮನೆಗೆ ಮರಳುವಾಗ, ಮಾತಿಗೆ ಮಾತು ಬೇಕಲ್ಲ ಎಂದು, ಮಗ ಯಾವ ಶಾಲೆಗೆ ಹೋಗುತ್ತಾನೆ ಎಂದು ಕೇಳಿದೆ. ದಾರಕ್ಕ ಜಗಲಿಯ ಗೋಡೆಯನ್ನು ತೋರಿಸಿದರು. ನನ್ನ ತಲೆಗಿಂತ ಮೇಲೆ, ಸುಣ್ಣದ ಅಡಿಯಿಂದ ಕಂದು ಬಣ್ಣದ ಒಂದು ಗೆರೆ ಕಾಣುತ್ತಿತ್ತು. ನೇತ್ರಾವತಿ ಒಂದು ವರ್ಷ ಅಲ್ಲಿವರೆಗೆ ಬಂದಿದ್ದಳಂತೆ.

"ಅವನು ಆ ನೀರಿಗೆ ಹೋದ, ಟೀಚರೇ. ಐದು ವರ್ಷದವ. ಸುಂದರ ಅಂತ ಹೆಸರು." ಹೇಳಿ, ಕೊಡಪಾನ ಒಳಗಿಟ್ಟು, ನನಗೆ ಚಹಾ ಮಾಡಿದರು.

ಆ ದಿನದ ನನ್ನ ದಿನಚರಿಯಲ್ಲಿ ಇದೊಂದೂ ಇಲ್ಲ. ಚಾಪೆ ಒರಟಾಗಿದೆ ಎಂದಷ್ಟೇ ಇದೆ. ದರ್ಜಿ 'ಬಾಳೆಗಿಡ' ಎಂದನೋ, ಆಮೇಲೆ ನಾನೇ ಅವನ ಬಾಯಲ್ಲಿ ಆ ಮಾತನ್ನು ಇಟ್ಟೆನೋ, ಈಗ ಹೇಳಲಾರೆ. ಗೋಡೆಯ ಗೆರೆ ಮಾತ್ರ ಇತ್ತು, ಮನೆಯ ಎಲ್ಲ ಕೋಣೆಗಳಲ್ಲೂ. ಅದರ ಕೆಳಗೆ ನಾನು ಮೂರು ವರ್ಷ ಮಲಗಿದ್ದೇನೆ.

ಕರ್ನಾಟಕ ಒಂದಾದಾಗ ಧಾರವಾಡದಲ್ಲಿ ನಾವೆಲ್ಲ ಸಕ್ಕರೆ ಹಂಚಿದವರು. ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದ ನನಗೆ ಬಂಟ್ವಾಳದ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವ ಕೆಲಸ ಸಿಕ್ಕಿತು. ಒಂದೇ ರಾಜ್ಯ, ಒಂದೇ ಭಾಷೆ ಎಂದು ಹೊರಟೆ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಘಟ್ಟ ಇಳಿದು, ಸೇತುವೆಯಿಲ್ಲದ ಹೊಳೆಗಳನ್ನು ಜಂಗಲ್ ಎಂಬ ಜೋಡಿದೋಣಿಯ ಮೇಲೆ ದಾಟಿ ಬಂದು ನೋಡಿದರೆ, ಕನ್ನಡ ಶಾಲೆಯ ಗಂಟೆಯೊಂದಿಗೆ ಶುರುವಾಗಿ ಗಂಟೆಯೊಂದಿಗೆ ಮುಗಿಯುತ್ತಿತ್ತು. ಹುಡುಗರು ನನ್ನೊಂದಿಗೆ ಪಾಠದ ಪುಸ್ತಕ ಓದಿದಂತೆ ನಿಧಾನವಾಗಿ ಮಾತಾಡುವರು. ನಾನು ಬೆನ್ನು ತಿರುಗಿಸಿದೊಡನೆ ತುಳುವಿನಲ್ಲಿ ನಗುವರು. ನಮ್ಮಲ್ಲಿ ರೊಟ್ಟಿ ಎಂದರೆ ಬಡಿದು ಬೇಯಿಸಿದ ಜೋಳದ್ದು, ಊಟವೇ ಅದು. ಇಲ್ಲಿ ರೊಟ್ಟಿ ಎಂದರೆ ಕೋಳಿಸಾರಿನಲ್ಲಿ ಮುರಿದು ಹಾಕುವ, ಕಾಗದದಷ್ಟು ತೆಳ್ಳಗಿನ ಅಕ್ಕಿಯ ಗರಿ. ನನ್ನ ತಟ್ಟೆಯಲ್ಲಿ ದಪ್ಪ ಕೆಂಪು ಕುಚ್ಚಲಕ್ಕಿ. ಅದನ್ನು ಅಗಿಯಲು ಕಲಿಯುವಷ್ಟರಲ್ಲಿ ಒಂದು ಮಳೆಗಾಲ ಹೋಯಿತು.

ಅಂಥ ದಿನಗಳಲ್ಲಿ ಒಂದು ಸಂಜೆ ಪಕ್ಕದ ಗೋಡೆಯಾಚೆಯಿಂದ ಒಂದು ಹೆಣ್ಣುದನಿ ಮರಾಠಿಯಲ್ಲಿ ಕೂಗಿತು: "ದಾನೂ, ಇಕಡೆ ಯೇ!" ಇತ್ತ ಬಾ ಎಂದು. ಧಾರವಾಡದಲ್ಲಿ ನಮ್ಮ ನೆರೆಮನೆಯ ಭಾಷೆ ಅದು. ನಾನು ಎದ್ದು ಹೋಗಿ ಅವರ ಬಾಗಿಲಲ್ಲಿ ನಿಂತೆ. ಏನು ಬೇಕೆಂದು ಅವರು ಕೇಳಿದರೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ದಾರಕ್ಕನ ಮನೆಯ ಇನ್ನೊಂದು ಭಾಗದಲ್ಲಿದ್ದ ಆ ಸಂಸಾರ ಮುಂಬಯಿಯ ಕಡೆಯದು. ಬೆಳ್ತಂಗಡಿ ರಸ್ತೆಯ ಮೋರಿಗಳ ಕೆಲಸ ನೋಡುವ ಓವರ್ಸೀಯರ್ ಸಾಮ್ಸನ್, ಹೆಂಡತಿ ಸಾರಾಬಾಯಿ, ಮಗ ದಾನಿಯೇಲ್. ಹೆಸರು ಕೇಳಿ ಪೇಟೆಯವರು ಅವರನ್ನು 'ಬೊಂಬಾಯಿ ಪೊರ್ಬುಳು' ಎಂದು ಕರೆಯುತ್ತಿದ್ದರು. ಪೊರ್ಬು ಎಂದರೆ ಇಲ್ಲಿ ಕ್ರಿಸ್ತರು. ಆದರೆ ಅವರು ಇಗರ್ಜಿಗೆ ಹೋಗುತ್ತಿರಲಿಲ್ಲ. ಶನಿವಾರ ಒಲೆ ಹಚ್ಚುತ್ತಿರಲಿಲ್ಲ. ಬಂಗುಡೆ ತಿಂದರೂ ಸಿಗಡಿ ಮುಟ್ಟುತ್ತಿರಲಿಲ್ಲ. ಅವರು ಯೆಹೂದ್ಯರು. ಕೊಂಕಣದ ಕರಾವಳಿಯಲ್ಲಿ ತಲೆತಲಾಂತರದಿಂದ ಎಣ್ಣೆಗಾಣ ನಡೆಸುತ್ತಿದ್ದ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ 'ಶನಿವಾರದ ತೇಲಿ' ಎಂದು ಕರೆಸಿಕೊಂಡ ಬೆನೆ ಇಸ್ರೇಲ್ ಜನ. ನಾನು ಎಂ.ಎ.ಗೆ ಜಗತ್ತಿನ ಚರಿತ್ರೆ ಓದಿದ್ದೆ. ನಮ್ಮದೇ ರಾಜ್ಯದ ಪಕ್ಕದಲ್ಲಿದ್ದ ಇವರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ನಾನು ಬಂದ ಮರುವರ್ಷ ದಾನೂಗೆ ಹದಿಮೂರು ತುಂಬುವುದಿತ್ತು. ಅವರಲ್ಲಿ ಆ ವಯಸ್ಸಿಗೆ ಹುಡುಗ ದೊಡ್ಡವರ ಸಾಲಿಗೆ ಸೇರುತ್ತಾನೆ. ಅವತ್ತು ಮೊದಲ ಬಾರಿಗೆ ಅವನು ತೋಳಿಗೂ ಹಣೆಗೂ ಮಂತ್ರದ ಪುಟ್ಟ ಪೆಟ್ಟಿಗೆಗಳನ್ನು ಚರ್ಮದ ಪಟ್ಟಿಯಿಂದ ಕಟ್ಟಿಕೊಂಡು, ಕೈಬರಹದ ಧರ್ಮಗ್ರಂಥದ ಸುರುಳಿಯಿಂದ ಓದಬೇಕು. ಆಮೇಲೆ ಊಟ, ಹಾಡು, ನೆಂಟರು. ನಮ್ಮ ಮುಂಜಿಯ ಹಾಗೆಯೇ ಎಂದು ನಾನು ದಾರಕ್ಕನಿಗೆ ಹೇಳಿದೆ. ಒಂದೇ ತೊಡಕು: ಆ ಸುರುಳಿಯನ್ನು ಬಿಚ್ಚಬೇಕಾದರೆ ಹದಿಮೂರು ತುಂಬಿದ ಹತ್ತು ಯೆಹೂದಿ ಗಂಡಸರು ಎದುರಿಗಿರಬೇಕು.

ಮುಂಬಯಿಗೇ ಹೋಗಿ ಮಾಡಬಾರದೇ ಎಂದೆ. ಸಾಮ್ಸನ್ ತಲೆಯಾಡಿಸಿದರು. ಮಳೆ ನಿಂತ ಮೇಲೆ ಮೋರಿಯ ಕೆಲಸ, ರಜೆ ಸಿಗದು. "ಮತ್ತೆ, ಮುಂದಿನ ವರ್ಷಕ್ಕೆ ಎಂದು ಬಿಟ್ಟರೆ ಅಲ್ಲಿ ಯಾರಿರುತ್ತಾರೆ, ಬಾಯಿ?" ಎಂದರು. ಅವರ ಜನ ಇಸ್ರೇಲಿಗೆ ಹೋಗುತ್ತಿದ್ದರು. ಕೊಂಕಣದ ಅವರ ಹಳ್ಳಿಯಲ್ಲಿ ದೀಪ ಹಚ್ಚುವ ಮನೆಗಳು ಒಂದೊಂದಾಗಿ ಕತ್ತಲಾಗುತ್ತಿದ್ದವು. ಸಾಮ್ಸನ್ ಯಾರನ್ನು ಕರೆಯಲೆಂದು ನೆನೆಸಿಕೊಂಡರೂ ಆ ಮನುಷ್ಯ ಆಗಲೇ ಹಡಗು ಹತ್ತಿರುತ್ತಿದ್ದ. ಜೀವಂತ ಜನರ ಹೆಸರುಗಳನ್ನು ಅವರು ಸತ್ತವರ ಹೆಸರಿನಂತೆ ಹೇಳುತ್ತಿದ್ದರು.

ಕೊನೆಗೆ ಎಂಟು ಜನ ಬರುತ್ತೇವೆ ಎಂದರು. ಸಾಮ್ಸನ್ ಒಂಬತ್ತನೆಯವರು. ಹದಿಮೂರು ತುಂಬಿದ ದಾನೂ ತಾನೇ ಹತ್ತನೆಯವನು. ಒಬ್ಬ ಕಡಿಮೆಯಾದರೂ ಸುರುಳಿ ಮುಚ್ಚಿಯೇ ಇರಬೇಕು.

ಹುಟ್ಟಿದ ದಿನ ಬೀಳುತ್ತಿದ್ದುದು ಜಡಿಮಳೆಯಲ್ಲಿ. ಆಗ ಹೊಳೆಗಳಲ್ಲಿ ಜಂಗಲ್ ನಿಲ್ಲುತ್ತದೆ. ದಾರಕ್ಕ ಬೇರೆ ಕಾರಣಕ್ಕೆ ಅಡ್ಡ ಬಂದರು. "ಆ ತಿಂಗಳು ಈ ಮನೆಯಲ್ಲಿ ಗಂಡುಮಕ್ಕಳ ಶುಭಕಾರ್ಯ ಬೇಡ, ಮಾರಾಯ್ರೆ. ನೀರಿಗೆ ಆಸೆ ಆಗ್ತದೆ." ಹೀಗೆ ದೀಪಾವಳಿ ಕಳೆದ ಮೇಲಿನ ಒಂದು ಗುರುವಾರ ಗೊತ್ತಾಯಿತು, ಸುರುಳಿ ಓದುವ ದಿನಗಳಲ್ಲಿ ಗುರುವಾರವೂ ಒಂದು.

ಆ ನಂತರದ ವಾರಗಳು ಬಂಟ್ವಾಳದಲ್ಲಿ ನಾನು ನಗುತ್ತ ಕಳೆದ ಮೊದಲ ವಾರಗಳು. ಸಾರಾಬಾಯಿಗೆ ತುಳು ಬಾರದು; ಬಂದ ನೆಂಟರನ್ನು ಬಾಗಿಲಲ್ಲಿ ಕರೆಯುವ 'ಬಲೆ, ಕುಲ್ಲುಲೆ', ಅಂದರೆ ಬನ್ನಿ, ಕುಳಿತುಕೊಳ್ಳಿ, ಅಷ್ಟೇ ಬರುತ್ತಿತ್ತು. ದಾರಕ್ಕನಿಗೆ ಮರಾಠಿ ಬಾರದು. ಇಬ್ಬರ ನಡುವೆ ನಾನು, ಎರಡೂ ಕಡೆಯ ಅಡುಗೆ ಗೊತ್ತಿಲ್ಲದ ಸಸ್ಯಾಹಾರಿ.

"ಕೋಳಿಸಾರಿಗೆ ತೆಂಗಿನಹಾಲು ಹಾಕಬಹುದಾ ಕೇಳಿ, ಟೀಚರೇ. ಅವರಿಗೆ ಮಾಂಸದೊಟ್ಟಿಗೆ ಹಾಲು ಆಗುವುದಿಲ್ಲ ಅಂತ ಹೇಳಿದ್ರಿ."

ಸಾರಾಬಾಯಿ ನಕ್ಕರು. ದನದ ಹಾಲು ಕೂಡದೆಂದೇ ಅವರಲ್ಲಿ ಎಲ್ಲಕ್ಕೂ ತೆಂಗಿನಹಾಲು, ಹಲ್ವಕ್ಕೂ ಅದೇ.

"ಮತ್ತೆ ನಮ್ಮವರೇ ಅಲ್ವಾ ಇವರು!" ಎಂದು ದಾರಕ್ಕ ಎದ್ದು ತೆಂಗಿನಕಾಯಿ ಎಣಿಸಲು ಹೋದರು.

ಕೋಳಿ ತಂದುಕೊಡುವವರು ಪೇಟೆಯ ಮುಸಲ್ಮಾನ ವ್ಯಾಪಾರಿ ಇದ್ದಿನಬ್ಬ ಬ್ಯಾರಿ. ಆದರೆ ಕೊಯ್ಯುವುದು ತಮ್ಮ ಹಿರಿಯ ಮಾವನೇ ಎಂದು ಸಾಮ್ಸನ್ ಹೇಳಿದಾಗ ಇದ್ದಿನಬ್ಬ ಸೊಂಟಕ್ಕೆ ಕೈಯಿಟ್ಟರು. "ನನ್ನ ಕತ್ತಿಗೆ ಏನಾಗಿದೆ ಓವರ್ಸೀಯರೇ? ನಿಮ್ಮ ಇಬ್ರಾಹಿಂ ನೆಬಿ, ಮೂಸಾ ನೆಬಿ ಎಲ್ಲ ನಮ್ಮವರೂ ಹೌದಲ್ಲ. ಹತ್ತು ಜನಕ್ಕೆ ಒಬ್ಬ ಕಡಿಮೆ ಬಿದ್ದರೆ ನನ್ನನ್ನು ಸೇರಿಸಿ. ಸುನ್ನತಿ ಆಗಿದೆ, ಹದಿಮೂರೂ ಕಳೆದಿದೆ. ಮತ್ತೇನು ಬೇಕು?"

"ಅವರನ್ನು ಯಾಕೆ, ಪಾಣೆಮಂಗಳೂರಿನಿಂದ ನನ್ನ ಅಣ್ಣತಮ್ಮಂದಿರನ್ನು ಕರೆಸ್ತೇನೆ," ಎಂದರು ದಾರಕ್ಕ. "ಹತ್ತು ಯಾಕೆ, ಇಪ್ಪತ್ತು ಜನ ನಿಲ್ತಾರೆ."

ಸಾಮ್ಸನ್ ನಗುತ್ತ ಕೈಮುಗಿದರು. ಆಗದು ಎಂಬುದು ಎಲ್ಲರಿಗೂ ತಿಳಿಯಿತು.

ದಾನೂವಿನ ಹೊಸ ಅಂಗಿಯ ಅಳತೆ ಕೊಡಲು ದಾರಕ್ಕನೇ ಅವನನ್ನು ದರ್ಜಿಯ ಬಳಿಗೆ ಕರೆದೊಯ್ದರು. ನಾನೂ ಹೋಗಿದ್ದೆ. ಬಿಳಿ ಪಾಪ್ಲಿನ್. ದರ್ಜಿ ಹುಡುಗನ ಭುಜ, ಎದೆ, ತೋಳು ಅಳೆದ. "ಒಂದೇ ಅಳತೆಗೆ ಎರಡು," ಎಂದರು ದಾರಕ್ಕ. ದಾನೂ ನನ್ನ ಮುಖ ನೋಡಿದ. ಹೊರಗೆ ಬಂದ ಮೇಲೆ ಮೆಲ್ಲಗೆ, "ಇನ್ನೊಂದು ಆ ಹುಡುಗನಿಗಾ?" ಎಂದು ಕೇಳಿದ. ಅವನಿಗೆ ಗೊತ್ತಿತ್ತು. ಒಂದೇ ಮನೆಯಲ್ಲಿ ಬೆಳೆಯುತ್ತಿದ್ದವರು ಅವರು.

ಬುಧವಾರ ಸಂಜೆಯ ಬಸ್ಸಿನಿಂದ ನೆಂಟರು ಇಳಿದರು. ಬಿಳಿಗಡ್ಡದ ಹಿರಿಯ ಮೋಶೆಮಾಮಾ, ಅವರ ಎದೆಗೆ ಒತ್ತಿದಂತೆ ಮರದ ಪೆಟ್ಟಿಗೆಯಲ್ಲಿ ಧರ್ಮಗ್ರಂಥದ ಸುರುಳಿ. ಹೊಳೆ ದಾಟುವಾಗಲೂ ಕೆಳಗಿಟ್ಟಿರಲಿಲ್ಲವಂತೆ. ಅವರ ಹಿಂದೆ ಮಿಕ್ಕವರು. ಸಾಮ್ಸನ್ ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದರು. ಬಸ್ಸು ಹೊರಟುಹೋಯಿತು.

"ಬೆಂಜಮಿನ್?" ಎಂದರು. ಅವರ ಅಣ್ಣ.

"ಅವನಿಗೆ ಹಡಗಿನ ಸರದಿ ಬಂತು," ಎಂದರು ಮೋಶೆಮಾಮಾ. "ಈಗ ಬಿಟ್ಟರೆ ಮತ್ತೆ ಯಾವಾಗಲೋ. ಹೆಂಡತಿಮಕ್ಕಳನ್ನು ಕರೆದುಕೊಂಡು ಹೊರಟ. ಅಳುತ್ತಲೇ ಹೊರಟ."

ಏಳು ಜನ ಬಂದಿದ್ದರು. ಸಾಮ್ಸನ್ ಸಾಮಾನು ಎತ್ತಿಕೊಂಡರು. ದಾರಿಯಲ್ಲಿ ಇದ್ದಿನಬ್ಬ ಸಿಕ್ಕಿದರು. ಅವರ ಮುಖ ನೋಡಿ ತಮಾಷೆ ಮಾಡದೆ ಬದಿಗೆ ಸರಿದು, ಸಾಮಾನಿನ ಒಂದು ಪೆಟ್ಟಿಗೆ ತಾವು ಹೊತ್ತರು.

ಗುರುವಾರ ಬೆಳಗಿನದನ್ನು ನಾನು ಎಚ್ಚರಿಕೆಯಿಂದ ಬರೆಯಬೇಕು.

ಸಾರಾಬಾಯಿ ಬೆಳಗ್ಗೆಯೇ ದೊಡ್ಡ ತಟ್ಟೆಯಲ್ಲಿ ಮಲಿದಾ ಕಲಸಿದ್ದರು. ನೆನೆಸಿದ ಅವಲಕ್ಕಿ, ಬೆಲ್ಲ, ತೆಂಗಿನತುರಿ, ಸುತ್ತ ಹಣ್ಣು, ಮೇಲೆ ಒಂದು ಹೂವು. ಅವರ ಪ್ರವಾದಿ ಎಲಿಯಾಹು ನಬಿಗೆ ಹರಕೆಯ ನೈವೇದ್ಯ. "ಇದು ನಮ್ಮ ಪಂಚಕಜ್ಜಾಯವೇ!" ಎಂದು ದಾರಕ್ಕ ಹಿಂದಿನ ದಿನವೇ ಅದರ ವಿವರ ಕೇಳಿ ಸಂಭ್ರಮಪಟ್ಟಿದ್ದರು. ನಡುಕೋಣೆಯಲ್ಲಿ ಬಿಳಿಬಟ್ಟೆ ಹಾಸಿದ ಒಂದು ಕುರ್ಚಿ. ಮಗುವಿನ ಸುನ್ನತಿಯ ದಿನ ಅವರು ಆ ನಬಿಗೆಂದು ಕುರ್ಚಿ ಖಾಲಿ ಇಡುತ್ತಾರೆ. ಅವರು ಸಾವಿಲ್ಲದವರು, ಕಣ್ಣಿಗೆ ಕಾಣದೆ ಬರುವವರು. ದಾನೂ ಹುಟ್ಟಿದಾಗ ಉಳಿಯುವ ನಂಬಿಕೆ ಇರಲಿಲ್ಲ; ಹದಿಮೂರಕ್ಕೆ ಮತ್ತೆ ಕುರ್ಚಿ ಇಡುತ್ತೇನೆಂದು ಸಾರಾಬಾಯಿ ಹೊತ್ತ ಹರಕೆ ಇದು.

ಇದನ್ನು ನಾನು ದಾರಕ್ಕನಿಗೆ ವಿವರಿಸಿದ್ದೆನೇ? ಅವಲಕ್ಕಿಯ ಬಗ್ಗೆ ಹೇಳಿದ್ದು ನೆನಪಿದೆ. ಕುರ್ಚಿಯ ಬಗ್ಗೆ ಯಾರೂ ಕೇಳಿರಲಿಲ್ಲ. ತುಳುನಾಡಿನವರಿಗೆ ಅದರಲ್ಲಿ ಕೇಳುವುದೇನಿದೆ? ಅವರಲ್ಲಿ ಮನೆಯಲ್ಲಿ ಸತ್ತವರನ್ನು ಕುಲೆ ಎನ್ನುತ್ತಾರೆ. ಕುಲೆಗಳಿಗೆ ಎಲೆ ಹಾಕಿ ಬಡಿಸುತ್ತಾರೆ. ಮಗುವಾಗಿ ಸತ್ತವರಿಗೆ ಪ್ರಾಯ ಬಂದಾಗ, ಇನ್ನೊಂದು ಮನೆಯ ಕುಲೆಯನ್ನು ಹುಡುಕಿ ಮದುವೆಯನ್ನೂ ಮಾಡುತ್ತಾರೆ.

ದಾರಕ್ಕ ಹೊಸ ಸೀರೆಯುಟ್ಟು ಬಂದರು. ಖಾಲಿ ಕುರ್ಚಿ ನೋಡಿ ಬಾಗಿಲಲ್ಲೇ ನಿಂತರು. ಅವರ ಕಣ್ಣು ತುಂಬಿತು. ಹಿಂದೆ ಹೋಗಿ, ಬಿಳಿ ಪಾಪ್ಲಿನ್ ಅಂಗಿಯನ್ನು ತಂದು ಕುರ್ಚಿಯ ಬೆನ್ನಿಗೆ ಹಾಕಿ, ಭುಜ ಸರಿಮಾಡಿದರು. ಆಮೇಲೆ ನನ್ನ ಕೈ ಹಿಡಿದರು.

"ಇವರು ಪರವೂರಿನವರು, ಟೀಚರೇ. ಆದರೂ ನನ್ನ ಮಗನಿಗೆ ಜಾಗ ಇಟ್ಟಿದ್ದಾರೆ ನೋಡಿ. ಅವನಿಗೂ ಈ ವರ್ಷ ಹದಿಮೂರೇ ಅಲ್ವಾ."

ಸಾಮ್ಸನ್ ನೋಡಿದರು. ಅವರ ಮುಖ ಕೆಂಪಾಯಿತು. ಕೋಪವಲ್ಲ, ಭಯ. "ಬಾಯಿ, ಅವರಿಗೆ ಹೇಳಿ," ಎಂದರು ಮರಾಠಿಯಲ್ಲಿ. "ಅದು ಸಾವಿಲ್ಲದವರ ಕುರ್ಚಿ. ಸತ್ತವರನ್ನು ಅಲ್ಲಿ ಕೂರಿಸಬಾರದು. ದೊಡ್ಡ ತಪ್ಪಾಗುತ್ತದೆ."

ಎರಡು ಭಾಷೆಯ ನಡುವೆ ನಿಂತವಳು ನಾನು. ಬಾಯಿ ತೆರೆದದ್ದು ನೆನಪಿದೆ. ಮಾತು ಬರುವ ಮೊದಲೇ ಸಾರಾಬಾಯಿ ಒಳಗೆ ಹೋಗಿ, ಅಡುಗೆಮನೆಯ ಹಳೆಯ ಕುರ್ಚಿಯನ್ನು ಎತ್ತಿಕೊಂಡು ಬಂದರು. ಅದನ್ನು ನಬಿಯ ಕುರ್ಚಿಯ ಪಕ್ಕ ಇಟ್ಟು, ಮೇಲೆ ತಮ್ಮದೇ ಒಂದು ಒಗೆದ ಬಿಳಿಸೀರೆ ಹಾಸಿ, ಅಂಗಿಯನ್ನು ಎರಡೂ ಕೈಯಿಂದ ತೆಗೆದು ಇದರ ಬೆನ್ನಿಗೆ ಹಾಕಿದರು. ಆಮೇಲೆ ಆ ಅಂಗಿಗೆ ಹೇಳಿದರು:

"ಬಲೆ, ಕುಲ್ಲುಲೆ."

ಹುಡುಗನಿಗೆ ಹಾಗೆ ಬಹುವಚನದಲ್ಲಿ ಹೇಳುವುದಿಲ್ಲ. ಅವರಿಗೆ ಬರುತ್ತಿದ್ದುದು ಅದೊಂದೇ. ದಾರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸಾಮ್ಸನ್ ಏನೋ ಹೇಳಹೊರಟರು. "ಇದು ಯಾರ ಮನೆ?" ಎಂದರು ಸಾರಾಬಾಯಿ, ಗಂಡನ ಕಡೆ ತಿರುಗದೆ. "ಮನೆಯ ಮಗನಿಗೆ ಕುರ್ಚಿ ಇಲ್ಲದೆ ಬಾಡಿಗೆಯವರು ಹಬ್ಬ ಮಾಡುವುದಾ?"

ಆಮೇಲೆ ಗಂಡಸರು ನಿಂತರು. ಅವರಲ್ಲಿ ಮನುಷ್ಯರನ್ನು ಒಂದು, ಎರಡು ಎಂದು ಎಣಿಸಬಾರದಂತೆ. ಹತ್ತು ಪದಗಳ ಒಂದು ಪ್ರಾರ್ಥನೆಯ ಸಾಲು ಉಂಟು, ಒಬ್ಬೊಬ್ಬರಿಗೆ ಒಂದೊಂದು ಪದ. ಮೋಶೆಮಾಮಾ ಒಬ್ಬೊಬ್ಬರ ಕಡೆ ನೋಡುತ್ತ ಪದ ಹೇಳುತ್ತ ಹೋದರು. ಕೊನೆಯಲ್ಲಿ ದಾನೂ. ಅವನನ್ನು ನೋಡಿ ಒಂಬತ್ತನೆಯ ಪದ ಹೇಳಿದರು. ಸಾಲು ಮುಗಿದಿರಲಿಲ್ಲ. ಅವರ ಕಣ್ಣು ಆಚೆಗೆ ಹೋಗಿ ಪಾಪ್ಲಿನ್ ಅಂಗಿಯ ಮೇಲೆ ನಿಂತಿತು.

ಆ ಸಂಜೆ ನನ್ನ ದಿನಚರಿಯಲ್ಲಿ ಬರೆದಿದ್ದೇನೆ: "ಒಂಬತ್ತು ಪದ. ಸುರುಳಿ ಬಿಚ್ಚಲಿಲ್ಲ." ಸುರುಳಿ ಬಿಚ್ಚಲಿಲ್ಲ ಎಂಬುದು ನಿಜ. ಮರದ ಪೆಟ್ಟಿಗೆ ಮುಚ್ಚಿಯೇ ಇತ್ತು. ದಾನೂ ಅಚ್ಚಾದ ಪುಸ್ತಕದಿಂದ ಓದಿದ. ಅದಕ್ಕೆ ಹತ್ತು ಜನ ಬೇಡ. ಮೊದಲ ಸಾಲಿನಲ್ಲಿ ಅವನ ದನಿ ಒಡೆಯಿತು, ಆಮೇಲೆ ಗಟ್ಟಿಯಾಯಿತು. ಹದಿಮೂರು ತುಂಬಿದೊಡನೆ ಹುಡುಗ ದೊಡ್ಡವನೇ, ಸುರುಳಿ ಬರೇ ಗೌರವ ಎಂದು ಮೋಶೆಮಾಮಾ ಎಲ್ಲರಿಗೂ ಸಮಾಧಾನ ಹೇಳಿದರು. ಸಾಮ್ಸನ್ ಗೋಡೆಯ ಕಡೆಗೆ ಮುಖ ಮಾಡಿ ನಿಂತಿದ್ದರು. ಅವರ ಹಣೆಯ ಮೇಲಕ್ಕೆ ಒಂದು ಗೇಣು, ನೀರಿನ ಗೆರೆ.

ಆದರೆ ಹತ್ತನೆಯ ಪದ? ಊಟದ ಹೊತ್ತಿಗೆ, ಇದ್ದಿನಬ್ಬ ತಮ್ಮ ಕೋಳಿಗಳನ್ನು ತಾವೇ ಹೊಗಳುತ್ತ ಎಲ್ಲರನ್ನೂ ನಗಿಸುತ್ತಿದ್ದಾಗ, ದಾರಕ್ಕ ನನ್ನ ಕಿವಿಯಲ್ಲಿ ಹೇಳಿದರು: "ಆ ಅಜ್ಜ ನನ್ನ ಮಗನನ್ನು ಲೆಕ್ಕಕ್ಕೆ ತಗೊಂಡ್ರು. ಬಾಯಿ ಆಡಿಸಿದ್ದು ನಾನು ನೋಡಿದ್ದೇನೆ." ನಾನು ನೋಡಿರಲಿಲ್ಲ. ಈಗ ಕಣ್ಣು ಮುಚ್ಚಿದರೆ ಆ ಪದ ಕೇಳಿಸುತ್ತದೆ. ಕಿವಿಯೂ ಸುಳ್ಳು ಹೇಳುತ್ತದೆ; ಅದರಲ್ಲೂ ಪ್ರೀತಿಯಿದ್ದ ಕಡೆ.

ಮರುವರ್ಷ ಸಾಮ್ಸನ್ ಅವರಿಗೂ ಹಡಗಿನ ಸರದಿ ಬಂತು. ಹೊರಡುವ ದಿನ ದಾನೂ ತನ್ನ ಪಾಪ್ಲಿನ್ ಅಂಗಿಯನ್ನು ಮಡಿಸಿ ದಾರಕ್ಕನ ಕೈಗಿತ್ತ. ಅವನಿಗೆ ಆಗಲೇ ಅದು ಗಿಡ್ಡವಾಗಿತ್ತು. ನಾನು ಕೆಲಸ ಬದಲಿಸಿ ಮೂಡಬಿದಿರೆಗೆ, ಆಮೇಲೆ ಬೆಳ್ತಂಗಡಿಗೆ ಬಂದೆ. ಸಾಮ್ಸನ್ ಕಟ್ಟಿಸಿದ ಮೋರಿಗಳ ಮೇಲೆಯೇ ನನ್ನ ಬಸ್ಸು ಓಡಾಡುತ್ತದೆ. ಪ್ರತಿ ಮೋರಿಗೂ ಒಮ್ಮೆ ಕುಲುಕುತ್ತದೆ.

ಕಳೆದ ಆಟಿ ತಿಂಗಳಲ್ಲಿ, ಬದುಕಿದ್ದವರ ಮದುವೆ ನಡೆಯದ, ಕುಲೆಗಳ ಮದುವೆಗೆಂದೇ ಇರುವ ಆ ಮಳೆಯ ತಿಂಗಳಲ್ಲಿ, ದಾರಕ್ಕನಿಂದ ಕರೆ ಬಂತು: ಸುಂದರನಿಗೆ ಮದುವೆ. ಹುಡುಗಿ ವೇಣೂರಿನ ಕಡೆಯವಳು, ತೊಟ್ಟಿಲಲ್ಲಿ ತೀರಿಕೊಂಡವಳು, ಪ್ರಾಯ ಸರಿಯಾಗುತ್ತದೆ. ಹೋದೆ. ಎರಡು ಮಣೆ, ಒಂದರ ಮೇಲೆ ಪಂಚೆ, ಒಂದರ ಮೇಲೆ ಸೀರೆ, ಬಳೆ. ಬೀಗರು ನಿಜವಾಗಿಯೂ ಬೀಗರಂತೆಯೇ ಎಲೆಯಡಿಕೆಗೆ ತಕರಾರು ಮಾಡಿದರು. ಮಣೆಗಳ ಬದಿಯಲ್ಲಿ ಬಿಳಿಬಟ್ಟೆ ಹಾಸಿದ ಒಂದು ಖಾಲಿ ಕುರ್ಚಿ ಇತ್ತು. ಅದು ಯಾರಿಗೆ ಎಂದು ಬೀಗರು ಕೇಳಿದರು.

"ಅವರು ಬೊಂಬಾಯಿಯ ಒಬ್ಬ ನಬಿ," ಎಂದರು ದಾರಕ್ಕ. "ಅವತ್ತು ನನ್ನ ಮಗ ಅವರ ಪಕ್ಕ ಕೂತಿದ್ದ. ಇವತ್ತು ಅವರು ಬರಬೇಡವಾ?"

ಬೀಗರು ಒಪ್ಪಿಕೊಂಡರು. ಕುರ್ಚಿಯ ಮುಂದೆ ಅವಲಕ್ಕಿ ಇತ್ತು.

ಆ ಮದುವೆಗೆಂದು ಹಾಕಿದ ರಜೆಯಲ್ಲೇ ಧಾರವಾಡಕ್ಕೂ ಹೋದೆ. ಊಟಕ್ಕೆ ಕುಳಿತಾಗ, ಯಾವ ಮಾತಿಗೋ, "ಬಸೂಗೆ ಈಗ ಇಪ್ಪತ್ತಾರು," ಎಂದುಬಿಟ್ಟೆ. ಬಸೂ ನನ್ನ ತಮ್ಮ. ನಾನು ಏಳು ವರ್ಷದವಳಿದ್ದಾಗ ಹುಟ್ಟಿ, ಆರು ತಿಂಗಳಿಗೆ ತೀರಿಕೊಂಡವ. ನಮ್ಮ ಮನೆಯಲ್ಲಿ ಅವನು ಎಂದಿಗೂ ಆರು ತಿಂಗಳ ಕೂಸು. ಅವ್ವನ ಕೈಯೊಳಗಿನ ರೊಟ್ಟಿ ಹಾಗೇ ನಿಂತಿತು.

"ಹುಚ್ಚ ಹಿಡದದೇನ ನಿನಗ? ಸತ್ತವರ ವಯಸ್ಸು ಯಾರರ ಎಣಸ್ತಾರೇನ? ಆ ಸಮುದ್ರದ ದಂಡಿಗೆ ಹೋಗಿ ಏನೇನ ಕಲತೀಯವಾ."

ಆ ದಿನವೆಲ್ಲ ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ನಾನು ಮಾಡಿದ್ದು ಸರಿಯೇ, ಅವಳ ಕೂಸನ್ನು ಅವಳಿಂದ ಕಸಿದೆನೇ ಎಂದು ಯೋಚಿಸುತ್ತ ಕುಳಿತೆ.

ಮರುದಿನ ನನ್ನನ್ನು ಬಸ್ಸಿಗೆ ಬಿಡಲು ಬಂದಳು. ಬುತ್ತಿಯ ಗಂಟನ್ನು ಕಿಟಕಿಯಿಂದ ಕೊಟ್ಟಳು. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಸರಳು ಹಿಡಿದು, ಆಚೀಚೆ ಯಾರಾದರೂ ಕೇಳುತ್ತಾರೇನೋ ಎಂದು ನೋಡಿ, ಸಣ್ಣ ದನಿಯಲ್ಲಿ ಕೇಳಿದಳು:

"ಇಪ್ಪತ್ತಾರ ಅಂದ್ಯಲ್ಲ... ಮೀಸಿ ಬಂದಿರ್ತಾವೇನ?"

"ಉಂಟವ್ವಾ," ಎಂದೆ. "ಉಂಟು."

ಕರಾವಳಿಯ ಆ ಪದ ಅವಳ ಕಿವಿಗೆ ಹೊಸದು. ತಿರುಗಿ ಕೇಳಲಿಲ್ಲ.